ನಿಮ್ಮ ಅಡ್ಡಹೆಸರು ಎಲ್ಲಿಂದ ಬಂತು ಅಂತ ಹುಡುಕೋದು ಹೇಗೆ

ಅಡ್ಡಹೆಸರಿನ ಅರ್ಥ ತಿಳ್ಕೋಬೇಕು ಅನ್ಸಿದ ತಕ್ಷಣ ಎಲ್ಲರೂ ಮಾಡೋದು ಗೂಗಲ್. ಅಲ್ಲಿ ಯಾವುದೋ ವೆಬ್‌ಸೈಟು ನಿಮ್ಮ ಹೆಸರಿಗೆ ಚಂದದ ಒಂದು ಸಂಸ್ಕೃತ ಅರ್ಥ ಕೊಟ್ಟಿರತ್ತೆ, ಶೂರ, ಜ್ಞಾನಿ, ಸೂರ್ಯನ ಮಗ, ಹೀಗೆ ಏನೋ ಒಂದು, ಅದನ್ನ ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ರೆ ಸಂಶೋಧನೆ ಮುಗೀತು. ಅಲ್ಲಿಂದ ಮಾತ್ರ ಶುರು ಮಾಡ್ಬೇಡಿ. ಕರ್ನಾಟಕದ ಅಡ್ಡಹೆಸರುಗಳಲ್ಲಿ ಬಹಳಷ್ಟು, ಮನೆಯೋರು ಕೂತು ಯೋಚ್ನೆ ಮಾಡಿ ಇಟ್ಕೊಂಡಿದ್ದಲ್ಲ, ಊರೋರು ಒಂದು ಮನೇನ ಗುರುತು ಹಿಡಿಯೋಕೆ ಕರೀತಿದ್ದ ಹೆಸರು. ಒಂದೇ ಊರಲ್ಲಿ ಹತ್ತು ಜನ ಬಸಪ್ಪ ಇದ್ರೆ ಯಾವ ಬಸಪ್ಪ ಅಂತ ಹೇಳ್ಬೇಕಲ್ಲ, ಬೆಲ್ಲದ ಬಸಪ್ಪನೋ ಅಗಸಿಮನಿ ಬಸಪ್ಪನೋ ಅಂತ, ಅಲ್ಲಿ ಹುಟ್ಟಿದ್ದು ಅದು. ಹಾಗಾಗಿ ನಿಮ್ಗೆ ಬೇಕಾಗಿರೋ ಪ್ರಶ್ನೆ ಯಾವ ಊರಲ್ಲಿ, ಯಾರ ಮನೆಗೆ, ಯಾಕೆ ಹಾಗೆ ಕರೆದ್ರು ಅನ್ನೋದು. ಪದದ ಅರ್ಥ ಅದರಲ್ಲಿ ಒಂದು ಭಾಗ ಅಷ್ಟೇ.

ಮೊದಲು ನಿಮ್ಮದು ನಿಜವಾಗ್ಲೂ ಅಡ್ಡಹೆಸರಾ ಅಂತ ನೋಡ್ಕೊಳ್ಳಿ. ಇದು ತಮಾಷೆ ಅಲ್ಲ. ಹಳೇ ಮೈಸೂರು ಕಡೆ ಬಹಳ ಮನೆಗಳಲ್ಲಿ ಅಡ್ಡಹೆಸರೇ ಇಲ್ಲ, ಇನಿಷಿಯಲ್ ಇರತ್ತೆ, ಸಾಮಾನ್ಯವಾಗಿ ಮೊದಲನೇದು ಊರು ಎರಡನೇದು ಅಪ್ಪನ ಹೆಸರು. ಕುವೆಂಪು ಅವರ ಹೆಸರು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ಕುಪ್ಪಳಿ ಊರು, ವೆಂಕಟಪ್ಪ ತಂದೆ. ಇಂಥ ಮನೆಯ ಮಕ್ಕಳು ಈಗ ಪಾಸ್‌ಪೋರ್ಟ್ ಫಾರಂನಲ್ಲಿ ಸರ್‌ನೇಮ್ ಅಂತ ಕೇಳಿದಾಗ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ತುಂಬ್ತಾರೆ, ಮುಂದಿನ ತಲೆಮಾರಿಗೆ ಅದೇ ಅಡ್ಡಹೆಸರು. ನಿಮ್ಮ ಹೆಸರಿನ ಕೊನೇಲಿ ಇರೋ "ರಾಮಯ್ಯ" ಮುತ್ತಜ್ಜನ ಹೆಸರೋ ಅಥವಾ ಅಪ್ಪ ಫಾರಂ ತುಂಬೋವಾಗ ಹುಟ್ಟಿದ್ದೋ ಅನ್ನೋದನ್ನ ಮನೇಲಿ ಒಂದು ಮಾತು ಕೇಳಿದ್ರೆ ಗೊತ್ತಾಗತ್ತೆ. ಧಾರವಾಡ, ಬೆಳಗಾವಿ, ವಿಜಯಪುರ ಕಡೆ ಬೇರೆ ಪದ್ಧತಿ, 1956ರ ತನಕ ಅದು ಮುಂಬೈ ಆಡಳಿತದಲ್ಲಿತ್ತು, ಅಲ್ಲಿ ತನ್ನ ಹೆಸರು, ತಂದೆ ಹೆಸರು, ಆಮೇಲೆ ಅಡ್ಡಹೆಸರು ಅಂತ ಮೂರೂ ಬರೀತಾರೆ, ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಅನ್ನೋ ಹಾಗೆ. ಕೊಡಗಿನಲ್ಲಿ ಇನ್ನೂ ಬೇರೆ, ಮನೆತನದ ಹೆಸರು ಮೊದಲು ಬರತ್ತೆ, ಜನರಲ್ ಕಾರ್ಯಪ್ಪ ಅವರ ಪೂರ್ತಿ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ, ಅದರಲ್ಲಿ ಕೊಡಂದೇರ ಅನ್ನೋದು ಒಕ್ಕದ ಹೆಸರು. ಇಂಗ್ಲಿಷ್ ಇನಿಷಿಯಲ್ ಮಾತ್ರ ನೋಡಿದ್ರೆ ಮೈಸೂರಿನ "ಕೆ" ಮತ್ತೆ ಕೊಡಗಿನ "ಕೆ" ಒಂದೇ ಥರ ಕಾಣತ್ತೆ, ಒಂದು ಊರು ಇನ್ನೊಂದು ಮನೆತನ.

ಆಮೇಲೆ ಹೆಸರನ್ನ ಕನ್ನಡದಲ್ಲಿ ಬರೀರಿ, ಅದೂ ಮನೇಲಿ ಎಲ್ಲರಿಗಿಂತ ವಯಸ್ಸಾದವರು ಹೇಗೆ ಉಚ್ಚಾರ ಮಾಡ್ತಾರೋ ಹಾಗೆ. ಇಂಗ್ಲಿಷ್ ಸ್ಪೆಲ್ಲಿಂಗ್ ನಂಬಿದ್ರೆ ದಾರಿ ತಪ್ಪತ್ತೆ, ಅಲ್ಲಿ ಲ ಮತ್ತೆ ಳ ಒಂದೇ, ನ ಮತ್ತೆ ಣ ಒಂದೇ, ಹ್ರಸ್ವ ದೀರ್ಘ ಇಲ್ಲವೇ ಇಲ್ಲ. ಹೊಳಿ ಅಂದ್ರೆ ಹೊಳೆ, ಹೋಳಿ ಅಂದ್ರೆ ಹಬ್ಬ, ಇಂಗ್ಲಿಷಲ್ಲಿ ಎರಡಕ್ಕೂ ಅದೇ ನಾಲ್ಕು ಅಕ್ಷರ. ಕೊಳ್ಳಿ ಕೊಲ್ಲಿ, ಹಳ್ಳಿ ಹಲ್ಲಿ ಎಲ್ಲ ಹೀಗೇ. ಬೆಂಗಳೂರಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳು ತಮ್ಮ ಹೆಸರನ್ನ ಇಂಗ್ಲಿಷ್ ಓದಿಕೊಂಡ ಹಾಗೇ ಹೇಳ್ತಾರೆ, ಅಜ್ಜಿ ಬಾಯಲ್ಲಿ ಕೇಳಿದ್ರೆ ಅದು ಬೇರೆ ಪದವೇ ಆಗಿರತ್ತೆ. ಫೋನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ, "ಅಜ್ಜಿ ನಮ್ಮ ಮನಿ ಹೆಸರು ಏನು" ಅಂತ ಸುಮ್ನೆ ಕೇಳಿ, ನೀವು ಮೊದ್ಲೇ ಹೇಳಿಕೊಡ್ಬೇಡಿ.

ಇನ್ನು ಮುಖ್ಯ ಕೆಲಸ, ಹೆಸರಿನ ಕೊನೆ ನೋಡೋದು. ಶಾಲೇಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದು ಎಲ್ಲಾದ್ರೂ ಉಪಯೋಗಕ್ಕೆ ಬಂದ್ರೆ ಅದು ಇಲ್ಲೇ. ಉತ್ತರ ಕರ್ನಾಟಕದ ಎಷ್ಟೋ ಅಡ್ಡಹೆಸರು ಷಷ್ಠೀ ವಿಭಕ್ತಿಯಲ್ಲಿವೆ, ಅಂದ್ರೆ "ಇಂಥದರ" ಅಂತ ಹೇಳಿ ಅರ್ಧಕ್ಕೇ ನಿಂತಿವೆ. ಬೆಲ್ಲದ, ಉಪ್ಪಿನ, ಮಠದ, ಹಡಪದ. ಬೆಲ್ಲದ ಯಾರು? ಬೆಲ್ಲದ ಮನೆಯವರು, ಬೆಲ್ಲದ ವ್ಯಾಪಾರದವರು, ಏನೋ ಒಂದು ಪದ ಮುಂದೆ ಇತ್ತು, ಅದು ಉದುರಿ ಹೋಗಿದೆ. ಹಡಪ ಅಂದ್ರೆ ಎಲೆ ಅಡಿಕೆ ಇಡೋ ಚೀಲ, ಬಸವಣ್ಣನವರ ಜೊತೆಗಿದ್ದ ಹಡಪದ ಅಪ್ಪಣ್ಣನ ಹೆಸರಲ್ಲೇ ಅದು ಇದೆ. 12ನೇ ಶತಮಾನದ ಶರಣರ ಹೆಸರು ನೋಡಿದ್ರೆ ಈ ಪದ್ಧತಿ ಎಷ್ಟು ಹಳೇದು ಅಂತ ಗೊತ್ತಾಗತ್ತೆ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ಎಲ್ಲಾದ್ರಲ್ಲೂ ಕಸುಬು ಮೊದಲು, ಹೆಸರು ಆಮೇಲೆ.

"ನವರ" ಅಂತ ಮುಗಿದ್ರೆ ನೀವು ಅದೃಷ್ಟವಂತರು. ಚನ್ನಪ್ಪನವರ, ದ್ಯಾಮಪ್ಪನವರ, ಕರಿಯಪ್ಪನವರ, ಹೀಗಿದ್ರೆ ಆ ಮನೆತನದಲ್ಲಿ ಆ ಹೆಸರಿನ ಹಿರಿಯ ಒಬ್ಬ ಇದ್ದ, ಅವನ ಮಕ್ಕಳು ಮೊಮ್ಮಕ್ಕಳನ್ನ ಊರೋರು ಹಾಗೆ ಕರೆದ್ರು ಅಂತ ಲೆಕ್ಕ. "ಗೌಡ್ರ" ಅಂತ ಮುಗಿಯೋ ಸಂಗನಗೌಡ್ರ, ಯಲ್ಲನಗೌಡ್ರ ಕೂಡ ಅದೇ ಥರದವು. ನಿಮ್ಮ ಕೆಲಸ ಆ ಕರಿಯಪ್ಪ ಎಷ್ಟು ತಲೆ ಹಿಂದೆ ಇದ್ದ ಅಂತ ಹುಡುಕೋದು, ಕೆಲವು ಮನೇಲಿ ಅವನು ಬರೀ ಮುತ್ತಜ್ಜನ ಅಪ್ಪ ಆಗಿರ್ತಾನೆ, ಅಡ್ಡಹೆಸರು ನೀವು ಅಂದ್ಕೊಂಡಷ್ಟು ಪುರಾತನ ಏನಲ್ಲ.

"ಕಾರ", "ಗಾರ", "ಏರ" ಬಂದ್ರೆ ಕಸುಬು ಅಂತ ಹೆಚ್ಚುಕಮ್ಮಿ ಖಾತ್ರಿ. ಹೂಗಾರ, ಗಾಣಿಗೇರ, ಬಡಿಗೇರ ಎಲ್ಲಾ ನೋಡಿದ್ರೇ ಗೊತ್ತಾಗತ್ತೆ. ವಾಲೀಕಾರ ಸ್ವಲ್ಪ ಮುಚ್ಕೊಂಡಿದೆ, ಅದು ಓಲೆಕಾರ, ಸರ್ಕಾರದ ಓಲೆ ಹೊತ್ಕೊಂಡು ಹೋಗ್ತಿದ್ದವನು, ಮಾತಿನಲ್ಲಿ ಓ ಹೋಗಿ ವಾ ಆಗಿದೆ. "ದಾರ" ಬಂದ್ರೆ ಪಾರ್ಸಿ, ಹಿಡಿದವನು ಅಂತ ಅರ್ಥ, ಇನಾಮದಾರ, ಜಾಗೀರದಾರ, ಕಿಲ್ಲೇದಾರ, ಪೋತದಾರ. "ನೀಸ್" ಬಂದ್ರೂ ಪಾರ್ಸಿಯೇ, ನವೀಸ್ ಅಂದ್ರೆ ಬರೆಯೋನು, ಚಿಟ್ನೀಸ್, ಫಡ್ನೀಸ್, ಸಬನೀಸ್ ಎಲ್ಲ ಯಾವುದೋ ಕಚೇರಿಯಲ್ಲಿ ಕೂತು ಬರೀತಿದ್ದೋರು. ಬಹಮನಿ, ಆದಿಲ್‌ಶಾಹಿ ಕಾಲದಿಂದ ಪೇಶ್ವೆ ಕಾಲದ ತನಕ ಕಂದಾಯದ ಭಾಷೆಯಲ್ಲಿ ಪಾರ್ಸಿ ತುಂಬಿಕೊಂಡಿತ್ತು, ಅದರ ಗುರುತು ಇವು, ಇವಕ್ಕೆ ಸಂಸ್ಕೃತದ ಮೂಲ ಹುಡುಕ್ತಾ ಕೂತ್ಕೊಳ್ಳೋದು ವ್ಯರ್ಥ. ಉತ್ತರ ಕರ್ನಾಟಕದ ಮುಸ್ಲಿಂ ಮನೆತನಗಳ ಹೆಸರಲ್ಲಂತೂ ಇಡೀ ಒಂದು ಪೇಟೆ ಬೀದಿ ಇದೆ, ಅತ್ತಾರ ಅಂದ್ರೆ ಅತ್ತರು ಮಾರೋನು, ಬಾಗವಾನ ತೋಟದವನು, ನಾಲಬಂದ ಕುದುರೆಗೆ ಲಾಳ ಹೊಡೆಯೋನು, ಶಿಕಲಗಾರ ಕತ್ತಿ ಚೂರಿ ಸಾಣೆ ಹಿಡಿಯೋನು, ಮುಜಾವರ ದರ್ಗಾ ನೋಡ್ಕೊಳ್ಳೋನು. ನದಾಫ ಮತ್ತೆ ಪಿಂಜಾರ ಎರಡೂ ಹತ್ತಿ ಹಿಂಜೋ ಕೆಲಸಾನೇ, ಒಂದು ಅರಬ್ಬಿ ದಾರಿಯಿಂದ ಬಂದ ಪದ, ಒಂದು ಇಲ್ಲೇ ಚಾಲ್ತಿಯಲ್ಲಿದ್ದದ್ದು.

"ಮನಿ" ಅಂತ ಮುಗಿದ್ರೆ ಮನೆ ಎಲ್ಲಿತ್ತು, ಹೇಗಿತ್ತು ಅಂತ. ದೊಡ್ಡಮನಿ, ಹೊಸಮನಿ, ಕೆಳಗಿನಮನಿ, ಕಟ್ಟಿಮನಿ. ಅಗಸಿಮನಿ ತಗೊಳ್ಳಿ, ಅಗಸಿ ಅಂದ್ರೆ ಊರ ಬಾಗಿಲು, ಕೋಟೆ ಗೋಡೆ ಇದ್ದ ಊರುಗಳಲ್ಲಿ ಒಳಗೆ ಬರೋ ದ್ವಾರ. ಈ ಹೆಸರಿನವರು ನಿಘಂಟು ಮುಚ್ಚಿಟ್ಟು ಸೀದಾ ಮೂಲ ಊರಿಗೆ ಹೋಗಿ ಹಳೇ ಅಗಸಿ ಎಲ್ಲಿತ್ತು ಅಂತ ಕಟ್ಟೆ ಮೇಲೆ ಕೂತಿರೋ ಹಿರಿಯರನ್ನ ಕೇಳ್ಬೇಕು, ಗೋಡೆ ಬಿದ್ದು ಹೋಗಿದ್ರೂ "ಅಗಸಿ ಹತ್ರ" ಅಂತ ಜಾಗದ ಹೆಸರು ಉಳಿದಿರತ್ತೆ, ಅದರ ಪಕ್ಕದ ಜಾಗ ಹಿಂದೆ ಯಾರ ಹೆಸರಲ್ಲಿತ್ತು ಅಂತ ಪಂಚಾಯ್ತಿ ಆಸ್ತಿ ರಿಜಿಸ್ಟರಲ್ಲಿ ನೋಡಿದ್ರೆ ಬಹಳ ಸಲ ಅಲ್ಲೇ ಉತ್ತರ ಸಿಗತ್ತೆ.

ಹಿರೇಮಠ, ಸಾಲಿಮಠ ಥರದವರಿಗೆ ಒಂದು ಎಚ್ಚರಿಕೆ. ಹಿರೇಮಠ ಅನ್ನೋದು ಒಂದೇ ಕಡೆ ಹುಟ್ಟಿದ ಹೆಸರಲ್ಲ, ಎಷ್ಟೋ ಊರಲ್ಲಿ ಒಂದೊಂದು ಹಿರೇಮಠ ಇತ್ತು, ಆಯಾ ಊರಲ್ಲಿ ಆ ಹೆಸರು ಬೇರೆ ಬೇರೆಯಾಗಿ ಹುಟ್ಟಿದೆ. ಪಾಟೀಲರದ್ದೂ ಇದೇ ಕಥೆ, ಊರ ಮುಖ್ಯಸ್ಥನ ಹುದ್ದೆ ಅದು, ಲಿಂಗಾಯತರಲ್ಲಿ, ಮರಾಠರಲ್ಲಿ, ಜೈನರಲ್ಲಿ, ಮುಸ್ಲಿಮರಲ್ಲಿ ಎಲ್ಲರಲ್ಲೂ ಪಾಟೀಲರಿದ್ದಾರೆ. ಅಡ್ಡಹೆಸರು ಒಂದೇ ಅಂದಾಕ್ಷಣ ಸಂಬಂಧಿಕರು ಅಂತ ಅಂದ್ಕೊಳ್ಳೋದು, ಅಡ್ಡಹೆಸರು ನೋಡಿ ಜಾತಿ ಹೇಳ್ಬಿಡೋದು, ಎರಡೂ ಬೇಡ.

ಹುದ್ದೆಯ ಹೆಸರುಗಳಿಗೆ ಒಂದು ಅನುಕೂಲ ಇದೆ, ಶಾಸನಗಳಲ್ಲಿ ಸಿಗ್ತವೆ. ಆದ್ರೆ ಈಗಿನ ರೂಪದಲ್ಲಿ ಹುಡುಕಿದ್ರೆ ಸಿಗಲ್ಲ. ಹಳಗನ್ನಡದ ಪಕಾರ ಆಮೇಲೆ ಹಕಾರ ಆಯ್ತಲ್ಲ, ಪಾಲು ಹಾಲಾದ ಹಾಗೆ, ಅದನ್ನ ಹಿಂದಕ್ಕೆ ತಿರುಗಿಸ್ಬೇಕು. ಹೆಗಡೆ ಮೊದಲು ಹೆಗ್ಗಡೆ, ಅದಕ್ಕೂ ಮೊದಲು ಪೆರ್ಗಡೆ, ಶಾಸನದಲ್ಲಿ ಅಧಿಕಾರಿಗಳ ಹೆಸರಿನ ಜೊತೆ ಕಾಣಿಸೋದು ಇದೇ. ಹೆಬ್ಬಾರದ ಹಿಂದೆ ಪೆರ್ಬಾರ್ವ ಇದೆ, ಹಿರಿಯ ಹಾರುವ ಅಂತ. ಗೌಡ ಬೇಕಾದ್ರೆ ಗಾವುಂಡ, ಗಾಮುಂಡ ಅಂತ ನೋಡಿ. ಶಾನುಭೋಗ, ಶಾನಭಾಗ ಎರಡೂ ಸೇನಬೋವ, ಊರ ಲೆಕ್ಕ ಬರೆಯೋನು, ಅದೇ ಕೆಲಸಕ್ಕೆ ಇನ್ನೊಂದು ಕಡೆ ಕುಲಕರ್ಣಿ ಅಂತಿದ್ರು. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು 1886ರಿಂದ ಬರ್ತಿವೆ, ಬಿ.ಎಲ್. ರೈಸ್ ಶುರು ಮಾಡಿದ್ದು, ಹಳೇ ಸಂಪುಟಗಳ ಸ್ಕ್ಯಾನ್ ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಫ್ರೀ ಸಿಗತ್ತೆ, ಶಾಸನಗಳನ್ನ ಜಿಲ್ಲೆ ತಾಲೂಕು ಪ್ರಕಾರ ಜೋಡಿಸಿದಾರೆ ಹಾಗಾಗಿ ನಿಮ್ಮ ತಾಲೂಕು ತೆಗೆದು ನಿಮ್ಮ ಊರಿನ ಸುತ್ತಮುತ್ತಲಿನ ಶಾಸನ ಓದಿ. ಅಲ್ಲಿ ಸಿಕ್ಕ ಗಾವುಂಡ ನಿಮ್ಮ ಪೂರ್ವಜ ಅಂತ ಅದರಿಂದ ಸಾಬೀತಾಗಲ್ಲ ಮತ್ತೆ, ಆ ಹುದ್ದೆ ಆ ಊರಲ್ಲಿ ಆ ಕಾಲಕ್ಕೆ ಇತ್ತು ಅಂತ ಮಾತ್ರ ಗೊತ್ತಾಗೋದು. ವಂಶಪಾರಂಪರ್ಯವಾಗಿ ಬರ್ತಿದ್ದ ಪಟೇಲ, ಶಾನುಭೋಗ, ತಳವಾರ ಥರದ ಗ್ರಾಮ ಹುದ್ದೆಗಳನ್ನ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೆಗೆದುಹಾಕ್ತು, ಹುದ್ದೆ ಹೋಯ್ತು, ಅಡ್ಡಹೆಸರಲ್ಲಿ ಮಾತ್ರ ಉಳ್ಕೊಂಡಿದೆ. ಆ ರದ್ದತಿಗೆ ಸಂಬಂಧಪಟ್ಟ ಜಮೀನಿನ ಕಡತಗಳು ತಾಲೂಕು ಕಚೇರಿಯಲ್ಲಿ ಸಿಕ್ಕಿದ್ರೆ ಅದು ಒಳ್ಳೇ ಸಾಕ್ಷಿ, ಯಾರ ಮನೆ ಯಾವ ಹುದ್ದೆ ಮಾಡ್ತಿತ್ತು ಅಂತ ಅದರಲ್ಲಿ ಇರತ್ತೆ.

ಊರಿನ ಹೆಸರೇ ಅಡ್ಡಹೆಸರಾಗಿದ್ರೆ ಸಲೀಸು ಅನ್ಸತ್ತೆ, ಆದ್ರೆ ಇದರಲ್ಲೇ ಜಾಸ್ತಿ ಜನ ಎಡವೋದು. ಊರಲ್ಲೇ ಇರೋನನ್ನ ಯಾರೂ ಊರ ಹೆಸರಿಂದ ಕರೆಯಲ್ಲ, ಊರು ಬಿಟ್ಟು ಬಂದ ಮೇಲೆ ಹೊಸ ಊರೋರು ಕರೆಯೋದು ಸಾಮಾನ್ಯ. ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, ಅಡ್ಡಹೆಸರು ಗೋಕಾಕ. ಗಿರೀಶ ಕಾರ್ನಾಡರು ಹುಟ್ಟಿದ್ದು ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ, ಕಾರ್ನಾಡು ಇರೋದು ಮೂಲ್ಕಿ ಹತ್ರ. ಹಾಗಾಗಿ ಊರಿನ ಅಡ್ಡಹೆಸರು ಅಂದ್ರೆ ಬಿಟ್ಟು ಬಂದ ಊರು ಅಂತ ಓದಿ, ಯಾವಾಗ ಯಾಕೆ ಬಿಟ್ರು ಅನ್ನೋದನ್ನ ಹುಡುಕಿ. ಇನ್ನೊಂದು ತೊಂದ್ರೆ ಒಂದೇ ಹೆಸರಿನ ಊರುಗಳದ್ದು, ಹೊಸೂರು ಬೆಳ್ಳೂರು ಎಲ್ಲ ಎಷ್ಟು ಕಡೆ ಇವೆಯೋ, ಜನಗಣತಿಯ ಗ್ರಾಮ ಪಟ್ಟಿ ತೆಗೆದು ಆ ಹೆಸರಿನ ಊರುಗಳನ್ನ ಗುರುತು ಹಾಕ್ಕೊಂಡು, ಅದರಲ್ಲಿ ನಿಮ್ಮ ಮನೆದೇವರ ಗುಡಿಗೆ ಹತ್ತಿರ ಯಾವುದು ಅಂತ ನೋಡಿ. ಮನೆದೇವರು ಬಹಳ ಗಟ್ಟಿ ಸುಳಿವು. ಜನ ಊರು ಬಿಟ್ರೂ ಮನೆದೇವರನ್ನ ಸುಲಭಕ್ಕೆ ಬಿಡಲ್ಲ.

ಕರಾವಳಿ ಕಡೆಯವರಿಗೆ ಬೇರೆ ಲೆಕ್ಕ. ಸಾಲ್ಯಾನ್, ಕೋಟ್ಯಾನ್, ಬಂಗೇರ, ಕರ್ಕೇರ ಇವು ತುಳುವರ ಬರಿಗಳು, ಅಂದ್ರೆ ಕುಲದ ಗುಂಪುಗಳು, ಕನ್ನಡದಲ್ಲಿ ಬಳಿ ಅಂತೀವಲ್ಲ ಅದು, ಮತ್ತೆ ಬರಿ ಸಂಪ್ರದಾಯದಲ್ಲಿ ತಾಯಿ ಕಡೆಯಿಂದ ಬರತ್ತೆ, ಅಪ್ಪನ ಅಪ್ಪನ ಅಪ್ಪ ಅಂತ ಹೋದ್ರೆ ತಪ್ಪು ಮನೆಗೆ ಹೋಗ್ತೀರ, ಅಮ್ಮನ ಅಮ್ಮನ ಅಮ್ಮ ಅಂತ ಹೋಗಿ. ಮಂಗಳೂರಿನ ಕ್ಯಾಥೊಲಿಕರ ಲೋಬೊ, ಕುವೆಲ್ಲೊ, ಪಿರೇರಾ ಪೋರ್ಚುಗೀಸ್ ಹೆಸರುಗಳು, ಲೋಬೊ ಅಂದ್ರೆ ತೋಳ, ಕುವೆಲ್ಲೊ ಅಂದ್ರೆ ಮೊಲ, ಆದ್ರೆ ಈ ಅರ್ಥಕ್ಕೂ ಆ ಮನೆಗೂ ಏನೂ ಸಂಬಂಧ ಇಲ್ಲ, ದೀಕ್ಷಾಸ್ನಾನದ ಸಮಯದಲ್ಲಿ ಬಂದ ಹೆಸರದು. ಇವರಲ್ಲಿ ಎಷ್ಟೋ ಮನೆಗಳಿಗೆ ಮತಾಂತರಕ್ಕಿಂತ ಮುಂಚಿನ ಪ್ರಭು, ಕಾಮತ್, ಶೇಟ್ ಥರದ ಹೆಸರು ಇನ್ನೂ ನೆನಪಿದೆ, ಹುಡುಕಬೇಕಾದ್ದು ಅದನ್ನ, ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರ್ ಅದಕ್ಕೆ ಸಹಾಯ ಮಾಡತ್ತೆ.

ಈಗ ಕಾಗದ ಪತ್ರ. ಮೊದಲು ಅಜ್ಜ ಓದಿದ ಶಾಲೆಗೆ ಹೋಗಿ ದಾಖಲಾತಿ ರಿಜಿಸ್ಟರ್ ಕೇಳಿ. ಬಹಳ ಮನೆಗಳಲ್ಲಿ ಅಡ್ಡಹೆಸರು ಗಟ್ಟಿಯಾಗಿದ್ದು ಅಲ್ಲೇ, ಮಾಸ್ತರು ಏನು ಬರೆದ್ರೋ ಅದೇ ಹೆಸರು. ಅಣ್ಣನಿಗೆ "ಬಡಿಗೇರ", ಎರಡು ವರ್ಷ ಬಿಟ್ಟು ಸೇರಿದ ತಮ್ಮನಿಗೆ ಊರ ಹೆಸರು, ಹೀಗೆ ಒಡಹುಟ್ಟಿದವರಿಗೇ ಎರಡು ಅಡ್ಡಹೆಸರು ಬಿದ್ದಿರೋದು ನೋಡಿದ್ರೆ ಆಶ್ಚರ್ಯ ಪಡ್ಬೇಡಿ. ಆಮೇಲೆ ಪಹಣಿ. ಈಗಿನ ಕಂಪ್ಯೂಟರ್ ಪಹಣಿ ಭೂಮಿ ಯೋಜನೆ ಬಂದ ಮೇಲಿನದು, 2000ರ ಆಸುಪಾಸಿನದು, ಅದಕ್ಕಿಂತ ಹಿಂದಕ್ಕೆ ಹೋಗೋಕೆ ಸರ್ವೇ ನಂಬರ್ ಬರ್ಕೊಂಡು ತಾಲೂಕು ಕಚೇರಿ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟು ಕೈಬರಹದ ಪಹಣಿ, ಮ್ಯುಟೇಷನ್ ನಕಲು ತಗೋಬೇಕು. ಪೌತಿ ಖಾತೆ ಆದ, ಅಂದ್ರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಆದ ಫೈಲ್ ಸಿಕ್ಕಿದ್ರೆ ಅದರೊಳಗೆ ವಂಶವೃಕ್ಷ ಇರತ್ತೆ, ಮೂರು ತಲೆ ಒಂದೇ ಏಟಿಗೆ ಸಿಗತ್ತೆ. ಹಳೇ ಮೈಸೂರಿನ ಕಾಗದದಲ್ಲಿ "ತಿಮ್ಮಯ್ಯ ಬಿನ್ ಕೆಂಚಯ್ಯ" ಅಂತಿದ್ರೆ ಕೆಂಚಯ್ಯ ಅಪ್ಪ, "ಲಕ್ಕಮ್ಮ ಕೋಂ ತಿಮ್ಮಯ್ಯ" ಅಂತಿದ್ರೆ ತಿಮ್ಮಯ್ಯ ಗಂಡ, ಬಿನ್ ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಿ. ಮುಂಬೈ ಕರ್ನಾಟಕದ ಹಳೇ ದಫ್ತರದಲ್ಲಿ ಮೋಡಿ ಲಿಪಿ, ಅಂದ್ರೆ ಹಿಂದೆ ಮರಾಠಿ ಬರೀತಿದ್ದ ಕೂಡು ಅಕ್ಷರ, ಬರತ್ತೆ, ಬೀದರ್ ಕಲಬುರಗಿ ರಾಯಚೂರು ಕಡೆ ನಿಜಾಮರ ಕಾಲದ್ದಾದ್ರೆ ಉರ್ದು, ಓದೋರನ್ನ ಹುಡುಕಿಕೊಂಡು ಹೋಗ್ಬೇಕಾಗತ್ತೆ, ಬೇರೆ ದಾರಿ ಇಲ್ಲ.

ಕಾಗದಕ್ಕಿಂತ ಹಿಂದಕ್ಕೆ ಹೋಗೋ ಒಂದೇ ದಾರಿ ಹೆಳವರು. ಎಷ್ಟೋ ಜನಕ್ಕೆ ಇವರ ಬಗ್ಗೆ ಗೊತ್ತೇ ಇಲ್ಲ. ಎತ್ತಿನ ಮೇಲೆ ಬಂದು ಒಕ್ಕಲು ಮನೆತನಗಳ ವಂಶಾವಳಿ ಹೇಳೋದೇ ಇವರ ಕಸುಬು, ಮೂಲ ಪುರುಷ ಯಾರು, ಯಾವ ಊರಿಂದ ಎದ್ದು ಬಂದ್ರಿ, ಮನೆದೇವರು ಯಾವುದು, ಬೆಡಗು ಅಂದ್ರೆ ಕುಲದೊಳಗಿನ ಗುಂಪು ಯಾವುದು, ಯಾರಿಗೆ ಎಷ್ಟು ಮಕ್ಕಳು ಅಂತ ರಾಗವಾಗಿ ಹೇಳ್ತಾ ಹೋಗ್ತಾರೆ, ಕಾಳು ಕಡಿ ಇಸ್ಕೊಂಡು ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಸೇರಿಸ್ಕೊಂಡು ಹೋಗ್ತಾರೆ. ಒಂದೊಂದು ಹೆಳವರ ಕುಟುಂಬಕ್ಕೆ ಇಂತಿಂಥ ಮನೆತನ ಅಂತ ಹಂಚಿಕೆ ಇರತ್ತೆ, ಹಾಗಾಗಿ ಸಿಕ್ಕ ಸಿಕ್ಕ ಹೆಳವರನ್ನ ಕೇಳಿ ಪ್ರಯೋಜನ ಇಲ್ಲ, ನಿಮ್ಮ ಮನೆಗೆ ಬರೋರು ಯಾರು ಅಂತ ಊರಲ್ಲಿರೋ ದಾಯಾದಿಗಳ ಹತ್ರ ವಿಚಾರಿಸಿ. ಅವರು ಬಂದಾಗ ಪೂರ್ತಿ ರೆಕಾರ್ಡ್ ಮಾಡಿ, ಮಧ್ಯೆ ಪ್ರಶ್ನೆ ಕೇಳಿ ರಾಗ ಕಡೀಬೇಡಿ, ಮುಗಿದ ಮೇಲೆ ಕೇಳಿ, ಮತ್ತೆ ಅವರಿಗೆ ಕೊಡೋದು ಸರಿಯಾಗಿ ಕೊಡಿ. ಕಾಶಿ, ಗಯಾ, ತ್ರ್ಯಂಬಕೇಶ್ವರಕ್ಕೆ ಹಿರಿಯರು ಹೋಗಿ ಶ್ರಾದ್ಧ ಮಾಡಿಸಿದ್ರೆ ಅಲ್ಲಿನ ಪುರೋಹಿತರ ವಹಿಯಲ್ಲೂ ಊರು, ಹೆಸರು ಬರೆದಿರೋ ಸಾಧ್ಯತೆ ಇದೆ.

ನಿಘಂಟು ಇಷ್ಟೆಲ್ಲ ಆದ ಮೇಲೆ. 1894ರಲ್ಲಿ ಬಂದ ಕಿಟೆಲ್ ನಿಘಂಟು ಈ ಕೆಲಸಕ್ಕೆ ಈಗಲೂ ಚೆನ್ನಾಗಿದೆ, ಆಡುಮಾತಿನ ರೂಪಗಳನ್ನೂ ಕೊಟ್ಟಿದಾರೆ, ಪದ ಮರಾಠಿಯದಾ ಹಿಂದುಸ್ತಾನಿಯದಾ ಸಂಸ್ಕೃತದ ತದ್ಭವನಾ ಅಂತ ಗುರುತು ಇದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟಿನಲ್ಲಿ ಹಳೇ ಪ್ರಯೋಗಗಳು ಸಿಗ್ತವೆ. ಹುಡುಕೋವಾಗ ಉತ್ತರ ಕರ್ನಾಟಕದ ಹೆಸರಾದ್ರೆ ಕೊನೇ ಇಕಾರ ತೆಗೆದು ಎಕಾರ ಹಾಕಿ ನೋಡಿ, ಕಟ್ಟಿ ಅಂದ್ರೆ ಕಟ್ಟೆ, ಕುದರಿ ಅಂದ್ರೆ ಕುದುರೆ, ಉಳ್ಳಾಗಡ್ಡಿಯ ಗಡ್ಡಿ ಅಂದ್ರೆ ಗಡ್ಡೆ. ಇಷ್ಟು ಗೊತ್ತಿಲ್ದೆ ಪದ ನಿಘಂಟಲ್ಲೇ ಇಲ್ಲ ಅಂತ ಕೈ ಬಿಡೋರು ಬಹಳ.

ಮನೇಲಿ ಹೇಳೋ ಕಥೆಗಳನ್ನ ಬರ್ಕೊಳ್ಳಿ, ಆದ್ರೆ ಕಥೆ ಅಂತಾನೇ ಬರ್ಕೊಳ್ಳಿ. ರಾಜ ಬೇಟೆಗೆ ಬಂದ, ನಮ್ಮ ಹಿರಿಯ ಮೆಣಸಿನಕಾಯಿ ಚಟ್ನಿ ತಿನ್ಸಿದ, ರಾಜ ಖುಷಿಯಾಗಿ ಮೆಣಸಿನಕಾಯಿ ಅಂತ ಬಿರುದು ಕೊಟ್ಟ, ಈ ಥರದ್ದು ಪ್ರತಿ ಮನೇಲೂ ಒಂದು ಇರತ್ತೆ. ಕಥೇಲಿ ರಾಜ ಬಂದ ಅಂದ್ರೆ ನಾನಂತೂ ಅರ್ಧ ನಂಬಿಕೆ ಅಲ್ಲೇ ಬಿಡ್ತೀನಿ. ಮೆಣಸಿನಕಾಯಿ ಮಾರಿದ್ರು, ಬೆಳೆದ್ರು, ಅಥವಾ ಆ ಮನೆಯ ಯಾರೋ ಒಬ್ಬರಿಗೆ ಸಿಟ್ಟು ಜಾಸ್ತಿ ಇತ್ತು, ಇವೆಲ್ಲ ರಾಜನಿಗಿಂತ ಹತ್ತಿರದ ಕಾರಣಗಳು, ಯಾವುದು ಅಂತ ಕಾಗದ ಇಲ್ದೆ ಹೇಳೋಕಾಗಲ್ಲ. ಪ್ರತಿ ಮಾತಿನ ಮುಂದೆ ಯಾರು ಹೇಳಿದ್ದು, ಯಾವಾಗ ಅಂತ ಬರೆದಿಡಿ, ಇಲ್ಲಾಂದ್ರೆ ನೀವು ಊಹೆ ಮಾಡಿದ್ದು ಮುಂದಿನವರಿಗೆ ಇತಿಹಾಸ ಆಗಿಬಿಡತ್ತೆ. ಅಮ್ಮನ ತವರು, ಅಜ್ಜಿಯ ತವರಿನ ಅಡ್ಡಹೆಸರನ್ನೂ ಇದೇ ಥರ ಹುಡುಕಿ, ಮದುವೆಯಾದ ಮೇಲೆ ಕಾಗದದಲ್ಲಿ ಅವು ಮಾಯ ಆಗ್ತವೆ, ಅವರು ಇರೋವಾಗ್ಲೇ ಕೇಳ್ಬೇಕು.

ಕಡೆಗೆ, ಸರಿಯಾದ ರೂಪ ಸಿಕ್ತು ಅಂತ ಖುಷೀಲಿ ಆಧಾರ್ ತಿದ್ಸೋಕೆ ಓಡ್ಬೇಡಿ. ಮಾರ್ಕ್ಸ್ ಕಾರ್ಡಲ್ಲಿ ಒಂದು, ಪಾಸ್‌ಪೋರ್ಟಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು ಆದ್ರೆ ಜಮೀನು ಮಾರೋವಾಗ್ಲೋ ವೀಸಾ ಮಾಡ್ಸೋವಾಗ್ಲೋ ಅಫಿಡವಿಟ್ಟು, ಪೇಪರ್ ಜಾಹೀರಾತು, ಗೆಜೆಟ್ಟು ಅಂತ ಅಲೆದಾಟ ಶುರುವಾಗತ್ತೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು ಕನ್ನಡದಲ್ಲಿ ಪ್ರಿಂಟ್ ಮಾಡ್ಸೋವಾಗ ಸರಿಯಾದ ಳ, ಣ ಹಾಕ್ಸಿ, ಅದಕ್ಕೆ ಯಾರ ಅನುಮತಿಯೂ ಬೇಡ.